ಕಾಕು ಒಗೆದ ಧೋತರ

ಮೊನ್ನೆ ನನ್ನ ಸೊಸೆ ಪೇಟೆಯಿಂದ ಒಂದು ಪಾಕೀಟು ಕುಂಬಳಬೀಜ ತಂದಿದ್ದಳು. ಸಿಪ್ಪೆ ಸಮೇತ ಹುರಿದು ಉಪ್ಪು ಸವರಿದ ಬೀಜ. ಈಗ ಎಲ್ಲರೂ ಆರೋಗ್ಯಕ್ಕೆ ಒಳ್ಳೆಯದೆಂದು ತಿನ್ನುತ್ತಾರಂತೆ. ಬಟ್ಟಲಿಗೆ ಸುರಿದು, ಚಹಾದ ಜೊತೆ ನಮ್ಮಿಬ್ಬರ ನಡುವೆ ಇಟ್ಟು ಹೋದಳು. ಇಬ್ಬರು ಅಂದರೆ ನಾನು ಮತ್ತು ನನ್ನ ಕಾಕಾನ ಮಗಳು. ನನಗಿಂತ ಹದಿನೈದು ವರ್ಷ ಚಿಕ್ಕವಳು, ಇದೇ ಸೊಲ್ಲಾಪುರದಲ್ಲಿದ್ದಾಳೆ, ವಾರಕ್ಕೊಮ್ಮೆ ನನ್ನನ್ನು ನೋಡಲು ಬರುತ್ತಾಳೆ. ಅವಳು ಒಂದೊಂದೇ ಬೀಜವನ್ನು ಹಲ್ಲಿನಿಂದ ಬಿಡಿಸಿ ತಿನ್ನತೊಡಗಿದಳು. ನಾನೂ ಕೈ ಹಾಕಿದೆ. ಬಿಳಿ ಬಣ್ಣ, ಚಪ್ಪಟೆ ಮೈ, ಅಂಚಿಗೊಂದು ಗೆರೆ... ಕೈ ಹಿಂದಕ್ಕೆ ತೆಗೆದೆ.

ಹೇಸಿಕೆಯಿಂದ ತೆಗೆಯಲಿಲ್ಲ, ಸಿಟ್ಟಿನಿಂದ ತೆಗೆದೆ. ಐವತ್ತು ವರ್ಷದಷ್ಟು ಹಳೆಯ ಸಿಟ್ಟು. ವಯಸ್ಸಾದಂತೆ ಎಲ್ಲ ತಣ್ಣಗಾಗುತ್ತದೆ ಎಂದು ಹೇಳುವವರನ್ನು ಕಂಡರೂ ನನಗೆ ಈಗ ಸಿಟ್ಟು ಬರುತ್ತದೆ.

ಎದುರಿಗೆ ಕೂತು ಬೀಜ ತಿನ್ನುತ್ತಿದ್ದವಳ ತಾಯಿ ನನ್ನ ಕಾಕು. ಅಪ್ಪನ ತಮ್ಮನ ಹೆಂಡತಿ. ಅಕ್ಕಲಕೋಟೆ ತಾಲೂಕಿನ ಚಪಳಗಾಂವದಿಂದ ನಮ್ಮ ಮನೆಗೆ ಸೊಸೆಯಾಗಿ ಬಂದವಳು. ಹೊಲಮನೆ, ದನಕರುಗಳ ನಡುವೆ ಬೆಳೆದವಳಿಗೆ ಪೇಟೆಯ ಹಿಂದಿನ ಗಲ್ಲಿಯ ನಮ್ಮ ಕತ್ತಲೆ ವಾಡೆ ಉಸಿರು ಕಟ್ಟಿಸಿರಬೇಕು. ಆದರೆ ಅವಳು ಬಾಯಿ ಸತ್ತವಳಲ್ಲ. ಅಪ್ಪ ಅಂಗಡಿಗೆ ಹೊರಟು ಹೊಸ್ತಿಲು ದಾಟಿದ್ದೇ ತಡ, ಅವರು ಕೆಮ್ಮುವ ರೀತಿ, ಚಪ್ಪಲಿ ಮೆಟ್ಟುವ ರೀತಿ ಎಲ್ಲವನ್ನೂ ಸೆರಗಿನ ಮರೆಯಲ್ಲೇ ಮಾಡಿ ತೋರಿಸುತ್ತಿದ್ದಳು. ನಮ್ಮವ್ವ ಬೈಯುತ್ತಲೇ ನಗುತ್ತಿದ್ದಳು. ಅಪ್ಪ ಮನೆಯಲ್ಲಿದ್ದಾಗ ಮಾತ್ರ ಕಾಕು ಇದ್ದೂ ಇಲ್ಲದವಳು. ಗಂಡನ ಅಣ್ಣ ಅಂದರೆ ಭಾವ. ಭಾವನ ಎದುರಿಗೆ ತಮ್ಮನ ಹೆಂಡತಿ ಸೆರಗು ಇಳಿಸಬಾರದು, ಮುಖ ಎತ್ತಬಾರದು, ಮಾತಂತೂ ಆಡಲೇಬಾರದು. ಐದು ವರ್ಷ ಒಂದೇ ಮನೆಯಲ್ಲಿದ್ದರೂ ಅಪ್ಪ ಅವಳ ಧ್ವನಿ ಕೇಳಿರಲಿಲ್ಲ. ಆದರೆ ಅವರು ಉಟ್ಟ ಧೋತರ ಒಗೆಯುವವಳು ಮಾತ್ರ ಅವಳೇ. ಅದೂ ಮನೆಯ ಪದ್ಧತಿ. ಗಂಡಸರ ಧೋತರ ಮಡಿವಾಳನಿಗೆ ಹೋಗುವಂತಿರಲಿಲ್ಲ, ಕಿರಿ ಸೊಸೆಯೇ ಸೋಡಾ ಹಾಕಿ ನೆನೆಸಿ, ಕೈಯಲ್ಲಿ ತಿಕ್ಕಿ, ಹಿಂಡಿ, ನೀಲಿ ಹಾಕಿ ಒಣಹಾಕಬೇಕು. ಅದು ಮುಗಿದ ಮೇಲೆ ರೊಟ್ಟಿ ಬಡಿಯಲು ಕೂಡಬೇಕು.

ನಮ್ಮದು ಮಾಂಸದ ಹೆಸರನ್ನೂ ಬಾಯಲ್ಲಿ ಎತ್ತದ ಮನೆ. ಮುಂಜಾನೆ ಅಪ್ಪ ಹಣೆಗೆ ಈಬತ್ತಿ ಹಚ್ಚಿಕೊಂಡು ಪೂಜೆಗೆ ಕೂತರೆ ಗಲ್ಲಿಯ ಜನ ಬಾಗಿಲಲ್ಲಿ ನಿಂತು ಕೈ ಮುಗಿದು ಹೋಗುತ್ತಿದ್ದರು. ಅದೇ ಅಪ್ಪ ತಿಂಗಳಿಗೆ ಒಂದೆರಡು ಸಲ ಅಕ್ಕಲಕೋಟೆಯ ಕಡೆ ದೋಸ್ತರೊಬ್ಬರ ತೋಟಕ್ಕೆ ಹೋಗುತ್ತಿದ್ದರು. ಎರಡು ದಿನ ಬಿಟ್ಟು ಬಾಯಿ ತುಂಬ ಲವಂಗ ಹಾಕಿಕೊಂಡು ಬರುತ್ತಿದ್ದರು. ಆ ತೋಟದಲ್ಲಿ ಕೆಂಡದ ಮೇಲೆ ಏನು ಸುಡುತ್ತಾರೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೂ ಮೂಗು ಇಲ್ಲದವರ ಹಾಗೆ ಇದ್ದೆವು.

ನಾನು ಆಗ ಕಾಲೇಜಿನಲ್ಲಿದ್ದೆ, ಸೈನ್ಸ್ ತೆಗೆದುಕೊಂಡಿದ್ದೆ. ನಮ್ಮ ಖಾನದಾನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನು. ಆ ಜಂಭ ನನ್ನ ನಡಿಗೆಯಲ್ಲೇ ಇತ್ತು. ಪ್ರಾಣಿಶಾಸ್ತ್ರದ ಜರ್ನಲ್ಲಿನಲ್ಲಿ ಚಿತ್ರ ಬಿಡಿಸುವುದು ನನ್ನ ಕೆಲಸ, ಬಣ್ಣ ತುಂಬುವುದು ಕಾಕುನ ಕೆಲಸ. ಅವಳ ಕೈ ನನಗಿಂತ ಸಾಫು. ಮಧ್ಯಾಹ್ನ ಕೆಲಸ ಮುಗಿಸಿ, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕಪ್ಪೆಯ ಕರುಳಿಗೆ, ಜಿರಲೆಯ ಕಾಲಿಗೆ ಬಣ್ಣ ಹಾಕುತ್ತ ಒಂದೊಂದಕ್ಕೂ ಏನಾದರೂ ತಮಾಷೆ ಮಾಡುತ್ತಿದ್ದಳು. ಒಂದು ದಿನ ಲಾಡಿಹುಳದ ಚಿತ್ರ. ಮನುಷ್ಯನ ಕರುಳಿನಲ್ಲಿ ಬೆಳೆಯುವ, ಲಾಡಿಯ ಹಾಗೆ ಉದ್ದಕ್ಕೂ ತುಂಡು ತುಂಡು ಜೋಡಿಸಿದಂತಿರುವ ಹುಳ. ಅದರ ಬಾಲದ ಕಡೆಯ ತುಂಡುಗಳು ಆಗಾಗ ಕಳಚಿ ಹೊರಬೀಳುತ್ತವೆ. ಅಂಥ ಒಂದು ತುಂಡನ್ನು ದೊಡ್ಡದಾಗಿ ಬೇರೆ ಬಿಡಿಸಿದ್ದೆ. ಕಾಕು ಗುಲಾಬಿ ಪೆನ್ಸಿಲ್ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತ ಕೂತಳು.

"ಇದು ಗುಲಾಬಿ ಅಲ್ಲ ತಂಗಿ, ಬಿಳೀದು. ಇಂಥಾವ ನಾ ನೋಡೀನಿ," ಅಂದಳು.

"ನೀ ಎಲ್ಲಿ ನೋಡ್ತಿ ಕಾಕು? ಇವು ಹಂದಿ ತಿನ್ನೋರ ಹೊಟ್ಟ್ಯಾಗ ಇರ್ತಾವ," ಅಂದು ನಾನು ನಕ್ಕುಬಿಟ್ಟೆ.

ಅವಳು ಪೆನ್ಸಿಲ್ ಕೆಳಗಿಟ್ಟಳು. ಬಣ್ಣ ತುಂಬದೆಯೇ ಜರ್ನಲ್ ನನ್ನ ಕಡೆ ಸರಿಸಿ ಎದ್ದು ಹೋದಳು. ಹುಡುಗಿ ನಕ್ಕಿದ್ದಕ್ಕೆ ಬೇಜಾರಾಗಿದೆ ಅಂದುಕೊಂಡೆ ಅಷ್ಟೆ.

ಆ ದೀಪಾವಳಿ ಕಳೆದ ಮೇಲೆ ಕಾಕುಗೆ ಫಿಟ್ಸ್ ಶುರುವಾದವು. ಮೊದಲ ಸಲ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟು ನಾದುವ ಕೊಣಮಗಿಯ ಮೇಲೇ ಬಿದ್ದಳು. ಕೈಕಾಲು ಸೆಟೆದು, ಬಾಯಲ್ಲಿ ನೊರೆ. ಅವ್ವ ಉಳ್ಳಾಗಡ್ಡಿ ಹೆಚ್ಚಿ ಮೂಗಿಗೆ ಹಿಡಿದಳು. ದೃಷ್ಟಿ ತೆಗೆಸಿದ್ದಾಯಿತು, ತಾಯತ ಕಟ್ಟಿಸಿದ್ದಾಯಿತು. ಆಮೇಲೆ ಅವಳ ತೋಳಿನಲ್ಲಿ, ತೊಡೆಯಲ್ಲಿ ಚರ್ಮದ ಕೆಳಗೆ ಸಣ್ಣ ಸಣ್ಣ ಗಂಟು ಕೈಗೆ ಹತ್ತತೊಡಗಿದವು. ಆಗ ಅಪ್ಪ ಮತ್ತು ಕಾಕಾ ಕೂಡಿ ಅವಳನ್ನು ದವಾಖಾನೆಗೆ ಒಯ್ದರು. ಅಲ್ಲಿನ ಹಿರಿಯ ಡಾಕ್ಟರು ಎಕ್ಸ್-ರೇ ತೆಗೆದರು. ತೊಡೆಯ ಮಾಂಸದ ತುಂಬ ಅಕ್ಕಿ ಚೆಲ್ಲಿದಂತೆ ಬಿಳಿ ಕಾಳು ಕಂಡವು. ತೋಳಿನ ಒಂದು ಗಂಟು ಕೊಯ್ದು ತಪಾಸಣೆಗೆ ಪುಣೆಗೆ ಕಳಿಸಿದರು. ವರದಿ ಬಂದ ದಿನ ಡಾಕ್ಟರ ಕೋಣೆಯೊಳಗೆ ಹೋದವರು ಅಪ್ಪ ಒಬ್ಬರೇ. ಕಾಕಾ ಬಾಗಿಲ ಹೊರಗೆ ನಿಂತಿದ್ದ. ಅವನ ಜನ್ಮವೆಲ್ಲ ಅಣ್ಣನ ಬಾಗಿಲ ಹೊರಗೆ ನಿಲ್ಲುವುದರಲ್ಲೇ ಹೋಯಿತು.

ಅವತ್ತು ಮಧ್ಯಾಹ್ನ ಅಪ್ಪ ಮನೆಯವರನ್ನೆಲ್ಲ ಪಡಸಾಲೆಗೆ ಕರೆದರು. ನನಗೆ ಪ್ರಾಣಿಶಾಸ್ತ್ರದ ಪುಸ್ತಕ ತರಲು ಹೇಳಿದರು.

"ಡಾಕ್ಟರ್ ಟೇನಿಯಾ ಅಂತ ಏನೋ ಹೆಸರು ಹೇಳಿದ್ರು. ನಿನ್ನ ಪುಸ್ತಕದಾಗ ಐತೇನು ನೋಡವ್ವ."

"ಐತ್ರಿ ಅಪ್ಪಾ," ಅಂದೆ. ನನ್ನ ವಿದ್ಯೆಗೆ ಆ ಮನೆಯಲ್ಲಿ ಮೊದಲ ಸಲ ಕೆಲಸ ಬಿದ್ದಿತ್ತು. ಎದೆ ಉಬ್ಬಿತು... ಆ ಎದೆಯ ಮೇಲೆ ಈಗ ಗುದ್ದಬೇಕು ಅನಿಸುತ್ತದೆ.

"ಮನುಷ್ಯಾಗ ಅದು ಹೆಂಗ ಬರ್ತದ, ಎಲ್ಲಾರಿಗೂ ತಿಳಿಯೂಹಂಗ ಕನ್ನಡದಾಗ ಓದು."

ಇಂಗ್ಲಿಷಿನಲ್ಲಿದ್ದ ಸಾಲನ್ನು ನಾನು ಕನ್ನಡ ಮಾಡಿ ಓದಿದೆ. ಸರಿಯಾಗಿ ಬೇಯಿಸದ ಹಂದಿಯ ಮಾಂಸ ತಿಂದವರ ಹೊಟ್ಟೆಯಲ್ಲಿ ಈ ಹುಳ ಬೆಳೆಯುತ್ತದೆ.

"ಮತ್ತೊಮ್ಮೆ ಓದು."

ಮತ್ತೊಮ್ಮೆ ಓದಿದೆ.

"ಸಾಕು. ಮುಚ್ಚು," ಅಂದರು ಅಪ್ಪ.

ನಾನು ಮುಚ್ಚಿದೆ. ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ಕಾಕು ಸೆರಗಿನ ಸಂದಿಯಿಂದ ನನ್ನನ್ನೇ ನೋಡುತ್ತಿದ್ದಳು. ಭಾವನ ಎದುರಿಗೆ ಅವಳು ಬಾಯಿ ತೆರೆಯುವಂತಿರಲಿಲ್ಲ. ಗಂಡ ತೆರೆಯಬೇಕಿತ್ತು, ತೆರೆಯಲಿಲ್ಲ. ಆಮೇಲೆ ಒಳಗೆ ಅವ್ವನ ಕಾಲು ಹಿಡಿದು, "ನಾ ತಿಂದಿಲ್ಲರಿ ಅಕ್ಕಾ, ಕೂಸಿನ ಮ್ಯಾಲೆ ಆಣಿ," ಅಂದಳಂತೆ. ಅವ್ವ ನನ್ನನ್ನು ಕೇಳಿದಳು. ನಾನು ಏನು ಹೇಳಿದೆ ಗೊತ್ತೇ? ಇಂಥ ಹುಳವನ್ನು ತಾನು ನೋಡಿದ್ದೇನೆಂದು ಕಾಕು ಒಮ್ಮೆ ಅಂದಿದ್ದಳು ಎಂದು ಹೇಳಿದೆ. ಅಷ್ಟು ಸಾಕಾಯಿತು. ನೋಡಿದ್ದಾಳೆ ಅಂದಮೇಲೆ ತಿಂದಿದ್ದಾಳೆ. ಹಳ್ಳಿಯಲ್ಲಿ ಹೊಲದ ಆಳುಗಳ ಜೊತೆ ಎಲ್ಲೆಲ್ಲಿ ಏನೇನು ತಿಂದು ಬೆಳೆದಳೋ ಎಂದು ಎಲ್ಲರೂ ತಲೆ ಆಡಿಸಿದರು.

ಮರುದಿನ ಕಾಕಾ ಅವಳನ್ನು ಎಸ್ಟಿ ಬಸ್ಸಿನಲ್ಲಿ ಚಪಳಗಾಂವಕ್ಕೆ ಬಿಟ್ಟು ಬಂದ. ಮೂರು ವರ್ಷದ ಮಗಳನ್ನು ಕಳಿಸಲಿಲ್ಲ. ಕೂಸಿಗೂ ಅದು ಹತ್ತಿಕೊಂಡೀತು ಎಂದು ಅಪ್ಪ ಹೇಳಿದರು. ಬಸ್ ಸ್ಟ್ಯಾಂಡಿಗೆ ಹೊರಟಾಗ ಕೂಸು ನನ್ನ ಸೊಂಟದ ಮೇಲಿತ್ತು. ಕಾಕು ಅದರ ಲಂಗದ ಲಾಡಿ ಬಿಗಿಯಾಗಿದೆಯೆಂದು ಸಡಿಲ ಮಾಡಿದಳು. ನನ್ನ ಮುಖ ನೋಡಲಿಲ್ಲ.

ಏಳೆಂಟು ತಿಂಗಳ ಮೇಲೆ ನಾನು ಚಪಳಗಾಂವಕ್ಕೆ ಹೋದೆ. ಅಕ್ಕಲಕೋಟೆಯಲ್ಲಿ ಗೆಳತಿಯ ಮದುವೆ ಎಂದು ಹೇಳಿ ಮನೆ ಬಿಟ್ಟಿದ್ದೆ. ಫಿಟ್ಸ್ ಬರದಂತೆ ಡಾಕ್ಟರು ಬರೆದಿದ್ದ ಗುಳಿಗೆ ಸೊಲ್ಲಾಪುರದಲ್ಲಷ್ಟೇ ಸಿಗುತ್ತಿತ್ತು. ದಿನಾ ತಪ್ಪದೆ ನುಂಗಬೇಕಾದ ಗುಳಿಗೆ. ನಮ್ಮ ಮನೆಯಿಂದ ಅದನ್ನು ಕಳಿಸುವುದು ಆಗಲೇ ನಿಂತಿತ್ತು. ಮೂರು ತಿಂಗಳಿಗಾಗುವಷ್ಟು ಕಟ್ಟಿಸಿಕೊಂಡು ಒಯ್ದೆ. ತವರಿನಲ್ಲೂ ಅವಳ ತಾಟು ಬೇರೆ, ತಂಬಿಗೆ ಬೇರೆ. ದನದ ಕೊಟ್ಟಿಗೆಗೆ ಹೊಂದಿಕೊಂಡ ಕೋಣೆಯಲ್ಲಿ ಮಲಗುತ್ತಿದ್ದಳು. ಒಡಹುಟ್ಟಿದ ಅಣ್ಣನೂ ಸೊಲ್ಲಾಪುರದ ಸಾಹುಕಾರರು ಹೇಳಿದ್ದೇ ಖರೆ ಅಂದುಕೊಂಡಿದ್ದ.

ನನ್ನನ್ನು ನೋಡಿ ಅವಳು ಮೊದಲು ಕೇಳಿದ್ದು, "ಕೂಸು ನನ್ನ ನೆನಸ್ತದೇನು?"

ನಾನು ಮೊದಲು ಕೇಳಿದ್ದು, "ಕಾಕು, ಖರೇ ಹೇಳು, ಎಲ್ಲ್ಯಾರ ತಿಂದಿದ್ದೇನು?"

ಅವಳು ನಕ್ಕಳು. ಬೇಕಾದರೆ ನನ್ನ ಕೆನ್ನೆಗೆ ಹೊಡೆಯಬಹುದಿತ್ತು, ನಕ್ಕಳು.

"ನಾ ತಿಂದಿಲ್ಲ ತಂಗಿ. ಆದ್ರ ಆ ಹುಳ ನಾ ನೋಡೀನಿ ಅಂದಿದ್ದು ಖರೇ. ನಿಮ್ಮಪ್ಪಾರ ಧೋತರದಾಗ ಇರ್ತಿದ್ದು. ಕುಂಬಳಬೀಜದಂಗ, ಬಿಳೀವು, ಮೂರ್ನಾಕು ಒಂದಕ್ಕೊಂದು ಹತ್ತಿಕೊಂಡು. ತೋಟಕ್ಕ ಹೋಗಾಕ ಹತ್ತಿದ ಮ್ಯಾಲೆ ಶುರುವಾದ್ದು. ನಾ ಉಗುರಲೇ ಕೆರದು ತಗದು ಒಗೀತಿದ್ದೆ."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ಭಾವನವರ ಧೋತರದ ಮಾತು ಯಾರ ಮುಂದ ಆಡ್ಲಿ? ನಿಮ್ಮ ಕಾಕಾನ ಮುಂದ ಆಡಿದ್ದೆ. ಬಾಯಿ ಮುಚ್ಚಿಕೊಂಡು ಒಗಿ ಅಂದ್ರು."

ಅಷ್ಟು ಹೇಳಿ, ಆ ತುಂಡು ಕೆರೆದು ತೆಗೆದ ತನ್ನ ಬೆರಳುಗಳನ್ನು ನೋಡಿಕೊಂಡಳು. ಆ ತುಂಡುಗಳಲ್ಲಿ ಏನಿತ್ತೆಂದು ಅವಳಿಗೆ ತಿಳಿದಿರಲಿಲ್ಲ. ನನಗೂ ಆ ಕ್ಷಣಕ್ಕೆ ತಿಳಿಯಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ, ಊರು ಹಿಂದೆ ಸರಿದ ಮೇಲೆ, ಆ ಪುಸ್ತಕದಲ್ಲಿ ನಾನು ಓದದೆ ಬಿಟ್ಟ ಮುಂದಿನ ಪುಟವೊಂದಿದೆ ಎಂಬುದು ನೆನಪಿಗೆ ಬಂತು.

ಮನೆಗೆ ಬಂದವಳೇ ಪುಸ್ತಕ ತೆಗೆದೆ. ಅವತ್ತು ಓದಿದ ಸಾಲಿನ ಮುಂದಿನ ಪುಟದಲ್ಲೇ ಇತ್ತು. ಹುಳ ಹೊಟ್ಟೆಯಲ್ಲಿದ್ದವನ ಮಲದಲ್ಲಿ ಅದರ ತುಂಡುಗಳು ಬೀಳುತ್ತವೆ, ತುಂಡಿನ ತುಂಬ ತತ್ತಿ. ಕೈಯಿಂದಲೋ, ತೊಳೆಯದ ಹಸಿ ಕಾಯಿಪಲ್ಲೆಯಿಂದಲೋ ಆ ತತ್ತಿ ಇನ್ನೊಬ್ಬರ ಬಾಯಿಗೆ ಹೋದರೆ ಅವರ ಮಾಂಸದಲ್ಲಿ, ಮಿದುಳಿನಲ್ಲಿ ಗಂಟು ಕಟ್ಟುತ್ತದೆ. ಅಂಥವರು ಜನ್ಮದಲ್ಲಿ ಮಾಂಸ ಮುಟ್ಟಿರಬೇಕೆಂದಿಲ್ಲ. ಆ ಪುಟವನ್ನು ನಾನು ಓದೇ ಇರಲಿಲ್ಲ. ಅದು ಪರೀಕ್ಷೆಗೆ ಬರುವುದಿಲ್ಲ, ಬಿಡಿ ಎಂದು ಕ್ಲಾಸಿನಲ್ಲಿ ಹೇಳಿದ್ದರು. ನಾನು ಬಿಟ್ಟಿದ್ದೆ. ಲಾಡಿಹುಳದ ಪ್ರಶ್ನೆಗೆ ನನಗೆ ಪೂರ್ಣ ಮಾರ್ಕು ಬಂದಿತ್ತು.

ಡಾಕ್ಟರ ಬಳಿ ಹೋದೆ. ಅವರು ಮರಾಠಿಯವರು, ಸೊಲ್ಲಾಪುರದ ಎಲ್ಲರಂತೆ ಕನ್ನಡವೂ ಬರುತ್ತಿತ್ತು, ಆದರೆ ಹೆಂಗಸಿಗೆ ಬಾಯಿ, ತಂದೆಗೆ ವಡೀಲರು ಎಂದೇ ಅನ್ನುತ್ತಿದ್ದರು. ಯಾರ ಮಗಳೆಂದು ಹೇಳಿದ ಕೂಡಲೇ ಗುರುತು ಹಿಡಿದರು.

"ಆ ಬಾಯಿ ಏನೂ ತಿಂದಿಲ್ಲ ಅಂತ ನಿಮ್ಮ ವಡೀಲರಿಗಿ ಅವತ್ತೇ ಹೇಳೀನಿ. ಗಂಟು ಪುಣೆಗೆ ಕಳಿಸಿದಾಗನ, ಮನ್ಯಾಗ ಬ್ಯಾರೆ ಯಾರದೋ ಹೊಟ್ಟ್ಯಾಗ ಹುಳ ಇರಬೇಕು, ಎಲ್ಲಾರದೂ ಸಂಡಾಸ ತಪಾಸ ಮಾಡಬೇಕು, ಡಬ್ಬಿ ತರ್ರಿ ಅಂದಿದ್ದೆ. ಒಂದೇ ಡಬ್ಬಿ ಬಂತು, ಆ ಬಾಯೀದು. ಅದು ಸಾಫ್ ಇತ್ತು. ಹುಳ ಇಲ್ಲ, ತತ್ತಿ ಇಲ್ಲ. ಪುಣೆದು, ಇದು, ಎರಡೂ ರಿಪೋರ್ಟ್ ಕೂಡೇ ವಡೀಲರ ಕೈಯಾಗ ಕೊಟ್ಟೀನಿ."

ಅವರು ಕನ್ನಡಕ ಒರೆಸುತ್ತ, ನನಗೆ ಎಲ್ಲ ಗೊತ್ತಿದೆ ಅಂದುಕೊಂಡು, ಸಹಜವಾಗಿ ಕೇಳಿದರು.

"ವಡೀಲರದು ಈಗ ಹೆಂಗದ? ಗುಳಿಗಿ ತಗೊಂಡ ಮ್ಯಾಲೆ ಹುಳ ಪೂರ್ತಿ ಬಿತ್ತೇನು?"

ಅಂದರೆ ಅಪ್ಪನಿಗೆ ಗೊತ್ತಿತ್ತು. ಪಡಸಾಲೆಯಲ್ಲಿ ನನ್ನಿಂದ ಎರಡು ಸಲ ಓದಿಸಿದಾಗ ಗೊತ್ತಿತ್ತು. ಸಾಕು, ಮುಚ್ಚು ಅಂದಾಗ ಮುಂದಿನ ಪುಟದಲ್ಲಿ ಏನಿದೆಯೆಂದು ಗೊತ್ತಿತ್ತು. ಕಾಕು ನಿರ್ದೋಷಿ ಎಂಬ ಕಾಗದ ಅವರ ಅಂಗಿಯ ಕಿಸೆಯಲ್ಲೇ ಇತ್ತು. ಅವಳನ್ನು ಬಸ್ಸಿಗೆ ಹತ್ತಿಸಿ, ತಾವೊಬ್ಬರೇ ಹೋಗಿ ಗುಳಿಗೆ ತಂದು ನುಂಗಿ, ಹೊಟ್ಟೆ ತೊಳೆದುಕೊಂಡು, ಮತ್ತೆ ಈಬತ್ತಿ ಹಚ್ಚಿಕೊಂಡು ಪೂಜೆಗೆ ಕೂತಿದ್ದರು. ನನ್ನ ಅಪ್ಪ. ಅವರ ಬಗ್ಗೆ ಇದನ್ನು ಬರೆಯುವಾಗ ಕೈ ನಡುಗುತ್ತದೆ ಎಂದು ಸುಳ್ಳು ಹೇಳಲಾರೆ, ಸ್ವಲ್ಪವೂ ನಡುಗುತ್ತಿಲ್ಲ.

ಅಪ್ಪ, ಕಾಕಾ ಊಟಕ್ಕೆ ಕೂತಿದ್ದಾಗ ಪುಸ್ತಕ ತಂದು ಅಪ್ಪನ ತಾಟಿನ ಪಕ್ಕ ತೆರೆದಿಟ್ಟೆ.

"ಅಪ್ಪಾ, ಈ ಪುಟಾನೂ ಓದ್ಲಿ?"

ಅವರು ತಲೆ ಎತ್ತಲಿಲ್ಲ. "ಪರೀಕ್ಷಾಕ್ಕ ಬರ್ತದೇನು ಅದು?"

"ಇಲ್ಲರಿ."

"ಮತ್ಯಾಕ ಓದ್ತಿ?"

"ಡಾಕ್ಟರ್ ಕೇಳಾಕತ್ತಿದ್ರು, ನಿಮ್ಮ ಹೊಟ್ಟ್ಯಾಗಿಂದು ಪೂರ್ತಿ ಬಿತ್ತೇನು ಅಂತ."

ಬಡಿಸುತ್ತಿದ್ದ ಅವ್ವನ ಕೈ ನಿಂತಿತು. ಕಾಕಾ ಅನ್ನದಲ್ಲಿ ಕೈಯಿಟ್ಟುಕೊಂಡು ಕೂತ. ಅಪ್ಪ ತಾಟಿನಲ್ಲೇ ಕೈ ತೊಳೆದರು. ಎದ್ದು ನಿಂತು, ಬಹಳ ಮೆತ್ತಗೆ ಹೇಳಿದರು. "ಆಕಿ ಹೆಸರು ಹೋದ್ರ ಒಬ್ಬಾಕೀದು ಹೋಗ್ತದ. ನನ್ನ ಹೆಸರು ಹೋದ್ರ ಇಡೀ ಮನೀದು ಹೋಗ್ತದ. ನಾಳೆ ನಿನ್ನ ಯಾರು ಮಾಡಿಕೋತಾರ?"

ಕಾಕಾನಿಗೆ ಕೈ ಮುಗಿದು ಕೇಳಿದೆ, ಕಾಕುನ್ನ ಕರೆದುಕೊಂಡು ಬಾ ಎಂದು. "ಅಣ್ಣಾ ಏನಂತಾರ ನೋಡೋಣು," ಅಂದ. ಅಣ್ಣ ಏನೂ ಅನ್ನಲಿಲ್ಲ. ಆ ವಾರದಿಂದ ನನ್ನ ಕಾಲೇಜು ನಿಂತಿತು, ಎರಡು ತಿಂಗಳಲ್ಲಿ ಮದುವೆ ಗೊತ್ತಾಯಿತು. ಅಪ್ಪನ ಹೆಸರು ಗಟ್ಟಿಯಾಗಿತ್ತು, ಒಳ್ಳೆಯ ಮನೆತನವೇ ಸಿಕ್ಕಿತು.

ಆಗ ನಾನು ಊರೆಲ್ಲ ಕೇಳುವ ಹಾಗೆ ಕೂಗಬೇಕಿತ್ತು. ಕೂಗಲಿಲ್ಲ. ಚಪಳಗಾಂವದಿಂದ ಪೇಟೆಗೆ ಬರುವ ಒಬ್ಬ ಹೆಣ್ಣುಮಗಳ ಕೈಯಲ್ಲಿ ಗುಳಿಗೆ ಕಳಿಸುತ್ತಿದ್ದೆ, ಅಷ್ಟೇ ನನ್ನ ಶೌರ್ಯ. ಮದುವೆಯ ಗಡಿಬಿಡಿಯಲ್ಲಿ, ಹೊಸ ಮನೆಯ ಹೊಸ ಸೊಸೆತನದಲ್ಲಿ ಅದೂ ತಪ್ಪಿತು. ಒಂದು ತಿಂಗಳು ತಪ್ಪಿತು, ಮುಂದಿನ ತಿಂಗಳು ಕಳಿಸೋಣ ಅಂದುಕೊಂಡೆ... ಕಾಕು ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಫಿಟ್ಸ್ ಬಂದು ಮುಖ ಅಡಿಯಾಗಿ ಬಿದ್ದಳಂತೆ. ಮೊಣಕಾಲು ಮುಳುಗುವಷ್ಟೂ ನೀರಿರಲಿಲ್ಲವಂತೆ. ಸುದ್ದಿ ನನಗೆ ತಲುಪಿದ್ದು ಮಣ್ಣಾದ ಮೇಲೆ. ಅವಳಿಗೆ ಇಪ್ಪತ್ತೈದೂ ತುಂಬಿರಲಿಲ್ಲ.

ಕಾಕಾ ಇನ್ನೊಂದು ಮದುವೆಯಾದ. ಅಪ್ಪ ತುಂಬಿದ ಮನೆಯಲ್ಲಿ, ತುಂಬಿದ ವಯಸ್ಸಿನಲ್ಲಿ ಹೋದರು. ಪೇಟೆ ಅರ್ಧ ದಿನ ಬಂದ್ ಇತ್ತು. ನನ್ನ ತಮ್ಮನ ಮನೆಯ ಪಡಸಾಲೆಯಲ್ಲಿ ಅವರ ದೊಡ್ಡ ಫೋಟೋ ಇದೆ, ಮೈಮೇಲೆ ಹಾಲಿನಂಥ ಬಿಳಿ ಧೋತರ. ಅದನ್ನು ಅಷ್ಟು ಬೆಳ್ಳಗೆ ಮಾಡಿದ ಕೈ ಯಾವುದೆಂದು ಆ ಫೋಟೋಕ್ಕೆ ಹಾರ ಹಾಕುವ ಯಾರಿಗೂ ಗೊತ್ತಿಲ್ಲ. ಕಾಕುದು ಒಂದು ಫೋಟೋವೂ ಇಲ್ಲ. ಬಣ್ಣ ತುಂಬದೆ ಬಿಟ್ಟ ಆ ಚಿತ್ರದ ಜರ್ನಲ್ ಕೂಡ ರದ್ದಿಗೆ ಹೋಯಿತು.

ಮೊನ್ನೆ ಬೀಜ ತಿನ್ನುತ್ತ ಕೂತವಳು ಇದ್ದಕ್ಕಿದ್ದಂತೆ ಕೇಳಿದಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದವಳು.

"ಅಕ್ಕಾ, ನಮ್ಮವ್ವ ತಿನಬಾರದ್ದು ತಿಂದಿದ್ಲಂತಲ್ಲ... ಖರೇನು?"

ನಾನು ಏನು ಹೇಳಿದೆ? "ಚಹಾ ಆರ್ತದ, ಕುಡಿ," ಅಂದೆ. ಅವಳು ಕುಡಿದಳು, ಸೆರಗಿಗೆ ಬಾಯಿ ಒರೆಸಿಕೊಂಡು ಎದ್ದು ಹೋದಳು. ಐವತ್ತು ದಾಟಿದ ಹೆಂಗಸು, ತಾಯಿಯ ಬಗ್ಗೆ ನಾಚಿಕೆಪಡುತ್ತಲೇ ಮುದುಕಿಯಾಗುತ್ತಿದ್ದಾಳೆ. ಆ ಬಾಗಿಲು ಮುಚ್ಚಿದ ಮೇಲೆ ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಮೂರು ದಿನದಿಂದ ಕೂತು ಇದನ್ನು ಬರೆದಿದ್ದೇನೆ.

ಅವಳು ಮರಾಠಿ ಶಾಲೆಯಲ್ಲಿ ಕಲಿತವಳು. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ನಾನೇ ಓದಿ ಹೇಳಬೇಕು. ನಾಳೆ ಬಾ ಎಂದು ಫೋನ್ ಮಾಡಿದ್ದೇನೆ. ಓದಿದರೆ ಅವಳ ತಾಯಿ ಹಳ್ಳದಿಂದ ಎದ್ದು ಬರುವುದಿಲ್ಲ, ಅದು ನನಗೆ ಗೊತ್ತು. ಆದರೂ ಎದುರಿಗೆ ಕೂರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ಸಾಕು, ಮುಚ್ಚು ಅನ್ನಲು ಈ ಸಲ ಅಪ್ಪ ಇಲ್ಲ.